ಪಳನಿಯಣ್ಣನ ಫೈಲಿಗೆ ಕೈ ಹಾಕಿದ್ದು

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನೆನೆಸಿಟ್ಟ ಕಡಲೆಕಾಳನ್ನು ಕುಕ್ಕರಿಗೆ ಹಾಕಿದೆ. ಕುಡಿಯುವ ನೀರು ಹಿಡಿದೆ. ಮನೆಯವರ ಅಂಗಿಗೆ ಗುಂಡಿ ಹೊಲಿದೆ. ಅವರು ಅದನ್ನು ಬಿಟ್ಟು ಬೇರೆ ಅಂಗಿ ಹಾಕಿಕೊಂಡು ಹೋದರು. ಆಫೀಸಿಗೆ ಬಂದು ಫ್ಯಾನ್ ರಿಪೇರಿಯವನಿಗೆ ಮತ್ತೊಮ್ಮೆ ಫೋನ್ ಮಾಡಿದೆ. ಭದ್ರಾವತಿಯ ನಮ್ಮ ಶೆಡ್ಡಿಗೆ ಟೀಪುಡಿ ಕಳಿಸಿದೆ. ಪಾಸ್‌ವರ್ಡ್ ಮರೆತವರಿಗೆ ಸ್ವಲ್ಪ ಬೈದು ಹೊಸದು ಮಾಡಿಕೊಟ್ಟೆ.

ಅಷ್ಟರಲ್ಲಿ ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲೇ ಇರುವ ಇನ್ನೊಂದು ವರ್ಕ್‌ಶಾಪಿನ ಮ್ಯಾನೇಜರ್ ಬಂದರು. ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್‌ಗಳ ಕಟ್ಟು. ಅದನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಆಯಿಲ್ ಮತ್ತು ಹಳೆಯ ಕಾಗದ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಎಷ್ಟು ದಿನವಾಗಿತ್ತು ಆ ವಾಸನೆ ಮೂಸಿ! ನಮ್ಮ ಆಫೀಸು ಈಗ ಬರೀ ಫಿನಾಯಿಲ್ ವಾಸನೆಯ ಜಾಗ.

"ಮೇಡಂ, ನಿಮ್ಮ ಹಾಗೆ ನಾವೂ ಪೋರ್ಟಲ್ ಮಾಡ್ಬೇಕು ಅಂತಿದೀವಿ. ಎಲ್ಲಾ ಕಾಗದಪತ್ರ ಒಂದೇ ಕಡೆ, ಎಲ್ಲರಿಗೂ ಸಿಗೋ ಹಾಗೆ. ಮೊದಲು ಏನ್ ಮಾಡ್ಬೇಕು ಹೇಳಿ" ಎಂದು ಪೆನ್ನು ತೆಗೆದರು.

"ನಿಮ್ಮಲ್ಲಿ ಎಲ್ಲರೂ ತುಂಬಾ ಗೌರವ ಕೊಡೋ ಹಿರಿಯರು ಯಾರಿದಾರೆ?" ಎಂದೆ.

ಅವರು ಪೆನ್ನಿನ ಕ್ಯಾಪು ಮತ್ತೆ ಹಾಕಿದರು. ಹೆಂಗಸು ಮಾತು ಮರೆಸುತ್ತಿದ್ದಾಳೆ ಎಂದುಕೊಂಡರೋ ಏನೋ. ಟೀ ತರಿಸಿ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಟೀ ಮಾತ್ರ ನೀವೇ ಮಾಡಿಕೊಳ್ಳಬೇಕು.

ನಮ್ಮದು ಎರಡು ಊರಿನ ಸಂಸಾರ. ಆಫೀಸು, ನಕ್ಷೆ ಬರೆಯುವವರು, ಎರಕವನ್ನು ನಯ ಮಾಡುವ ಯಂತ್ರಗಳು ಶಿವಮೊಗ್ಗದಲ್ಲಿ. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಶೆಡ್ಡು ಭದ್ರಾವತಿಯಲ್ಲಿ. ನಡುವೆ ಇರುವುದು ಬಸ್ಸಿನ ದಾರಿ. ಪೋರ್ಟಲ್ ಬರುವ ಮುಂಚೆ ನಮ್ಮ ಡ್ರಾಯಿಂಗ್‌ಗಳು ಬಸ್ಸಿನಲ್ಲೇ ಓಡಾಡುತ್ತಿದ್ದವು. ಅತ್ತ ಹೋಗುವವರ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಕೂತು ಹೋಗುತ್ತಿದ್ದವು. ಎಷ್ಟೋ ನಕ್ಷೆಗಳ ಅಂಚಿನಲ್ಲಿ ಹುಳಿಯ ಕಲೆ ಇರುತ್ತಿತ್ತು. ಅದು ಯಾರ ಮನೆಯ ಹುಳಿ ಎಂದು ಬಣ್ಣ ನೋಡಿಯೇ ಹೇಳಬಲ್ಲೆ ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಯಾರೂ ಪರೀಕ್ಷೆ ಮಾಡಲಿಲ್ಲ, ಬಚಾವಾದೆ.

ಯಾವುದಾದರೂ ಅಳತೆ ಬದಲಾದರೆ ಫೋನಿನಲ್ಲಿ ಹೇಳುತ್ತಿದ್ದೆವು. ಅಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದರು, ಯಾರೋ ಮರೆಯುತ್ತಿದ್ದರು. ಹೀಗೇ ಒಮ್ಮೆ ನಮ್ಮ ದೊಡ್ಡ ಗಿರಾಕಿ ಪಂಪಿನ ಕವರಿನಲ್ಲಿ ಒಂದು ತೂತಿನ ಜಾಗ ಬದಲಾಯಿಸಿದರು. ಶಿವಮೊಗ್ಗದಲ್ಲಿ ಹೊಸ ನಕ್ಷೆ ಬಂತು. ಭದ್ರಾವತಿಯಲ್ಲಿ ಹಳೆಯದರ ಪ್ರಕಾರ ಎರಕ ಹೊಯ್ದರು. ಕಳಿಸಿದ ಮಾಲೆಲ್ಲ ವಾಪಸು ಬಂತು. ಹೊಯ್ದ ಎರಕವನ್ನು ಮತ್ತೆ ಕರಗಿಸುವುದೆಂದರೆ ಬಡಿಸಿದ ಎಲೆ ಎತ್ತಿ ಮತ್ತೆ ಅಕ್ಕಿ ತೊಳೆಯಲು ಕೂತ ಹಾಗೆ. ಆ ದಿನ ಶೆಡ್ಡಿನಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಗಿರಾಕಿಯ ಕಡೆಯ ಇನ್‌ಸ್ಪೆಕ್ಟರ್ ಬಂದು ಒಂದೇ ಮಾತು ಹೇಳಿ ಹೋದರು: "ಮುಂದಿನ ಸಲ ಬಂದಾಗ ಎರಡೂ ಕಡೆ ಕೇಳ್ತೀನಿ. ಇಲ್ಲಿರೋದು, ಅಲ್ಲಿರೋದು ಒಂದೇ ಆಗಿದ್ರೆ ಆರ್ಡರ್ ಇರುತ್ತೆ. ಇಲ್ಲಾಂದ್ರೆ ಬೇರೆಯವರ ಹತ್ರ ಹೋಗುತ್ತೆ." ಅಚ್ಚು ಕಟ್ಟುವವರಲ್ಲಿ ಅರ್ಧದಷ್ಟು ಜನರ ಕೆಲಸ ನಿಂತಿದ್ದೇ ಆ ಆರ್ಡರಿನ ಮೇಲೆ.

ನಮ್ಮ ಯಜಮಾನರು ನನ್ನನ್ನು ಕರೆದರು. "ಪೋರ್ಟಲ್ ಹಾಕಿಸ್ತಾ ಇದೀನಿ. ನೀವೇ ನೋಡ್ಕೊಳ್ಳಿ."

"ಸಾರ್, ನನಗೆ ಮಿಕ್ಸಿಯ ಫ್ಯೂಸ್ ಹಾಕೋಕೂ ಬರಲ್ಲ."

"ಫ್ಯೂಸ್ ಹಾಕೋಕೆ ಜನ ಸಿಗ್ತಾರೆ. ಯಾವ ಕಾಗದ ಎಲ್ಲಿದೆ, ಅದು ಯಾರಿಗೆ ಬೇಕು ಅಂತ ಗೊತ್ತಿರೋದು ನಿಮಗೆ."

ಕಂಪ್ಯೂಟರಿನವರು ಬಂದು ಎಲ್ಲ ಜೋಡಿಸಿದರು, ಗೋಡೆಯ ಮೇಲೆ ಚಿತ್ರ ಬಿಟ್ಟು ಒಂದಿಷ್ಟು ಹೊತ್ತು ಮಾತಾಡಿದರು, ಊಟ ಮಾಡಿ ಹೋದರು. ಖಾಲಿ ಪೋರ್ಟಲ್ ನನ್ನ ಮುಂದೆ ಉಳಿಯಿತು. ಹೊಸ ಮನೆಗೆ ಹೋದಾಗ ಅಡುಗೆಮನೆಯ ಖಾಲಿ ಶೆಲ್ಫುಗಳ ಮುಂದೆ ನಿಲ್ಲುತ್ತೇವಲ್ಲ, ಹಾಗೆ ನಿಂತೆ. ನಿಂತ ಮೇಲೆ ಧೈರ್ಯ ಬಂತು. ಶೆಲ್ಫು ಜೋಡಿಸಿ ನನಗೆ ಗೊತ್ತು.

ಬೀರುಗಳಲ್ಲಿದ್ದಂತೆ ಮನುಷ್ಯರ ಹೆಸರಿನಲ್ಲಿ ಫೋಲ್ಡರ್ ಮಾಡಲಿಲ್ಲ, ಕೆಲಸದ ಹೆಸರಿನಲ್ಲಿ ಮಾಡಿದೆ. ಮೊದಲು ಗಿರಾಕಿ, ಅದರೊಳಗೆ ಮಾಲು, ಅದರೊಳಗೆ ನಕ್ಷೆ. ಮನುಷ್ಯ ರಜೆ ಹಾಕುತ್ತಾನೆ, ಪಂಪಿನ ಕವರು ರಜೆ ಹಾಕುವುದಿಲ್ಲ. ಒಂದು ವಸ್ತುವಿಗೆ ಒಂದೇ ಜಾಗ; ಸಾಸಿವೆಗೆ ಎರಡು ಡಬ್ಬಿ ಇಟ್ಟ ಮನೆಯಲ್ಲಿ ಒಗ್ಗರಣೆಯ ಹೊತ್ತಿಗೆ ಎರಡೂ ಸಿಗುವುದಿಲ್ಲ. ಆಮೇಲೆ ಅಧಿಕಾರ. ನೋಡುವವರು ಯಾರು, ತಿದ್ದುವವರು ಯಾರು, ತಿದ್ದಿದ್ದನ್ನು ಒಪ್ಪುವವರು ಯಾರು ಎಂದು ಮೊದಲೇ ಗೊತ್ತು ಮಾಡಿದೆ. ನಮ್ಮ ಮನೆಯಲ್ಲಿ ಕೂಡ ಉಪ್ಪಿನಕಾಯಿ ಭರಣಿಯನ್ನು ಎಲ್ಲರೂ ನೋಡಬಹುದು, ಸೌಟು ಹಾಕುವವಳು ನಾನೊಬ್ಬಳೇ.

ಭದ್ರಾವತಿಗೆ ಹೋಗಿ ಶೆಡ್ಡಿನವರನ್ನೆಲ್ಲ ಕೂರಿಸಿ ಪಾಠ ಮಾಡಿದೆ. ಅಚ್ಚಿನ ವಿಭಾಗದ ಒಬ್ಬ ಕೇಳಿದ: "ಅಕ್ಕ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಬಿಟ್ರೆ ಸಲೀಸಲ್ವಾ?"

"ಕಾಲೋನಿಯ ಮನೆಗೆಲ್ಲ ಒಂದೇ ಬೀಗದಕೈ ಇಟ್ರೆ ಸಲೀಸೇ ಮಾರಾಯ. ನಿನ್ನ ಮನೆಯಿಂದಲೇ ಶುರು ಮಾಡೋಣ್ವಾ?" ಎಂದೆ. ಶೆಡ್ಡೆಲ್ಲ ನಕ್ಕಿತು. ಹಿಂದೆ ನಿಂತಿದ್ದ ಪಳನಿಯಣ್ಣನೂ ನಕ್ಕರು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಪಳನಿಯಣ್ಣನ ಬಗ್ಗೆ ಹೇಳಬೇಕು. ಅವರು ಶೆಡ್ಡಿನ ಮೇಸ್ತ್ರಿ. ಅಪ್ಪನ ಕಾಲಕ್ಕೇ ಕಾರ್ಖಾನೆ ಕೆಲಸಕ್ಕೆಂದು ಭದ್ರಾವತಿಗೆ ಬಂದ ತಮಿಳು ಮನೆತನ. ಅವರ ಕನ್ನಡದಲ್ಲಿ ಎಲ್ಲರೂ ಅಮ್ಮ, ಅಪ್ಪ. ಅಲ್ಲಿ ಅಚ್ಚು ಕಟ್ಟುವ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಕಲಿತವರು. ಅವರು ಮುಟ್ಟಿ ಸರಿ ಎಂದ ಅಚ್ಚನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ನಕ್ಷೆಯದೂ ಅದೇ ಪದ್ಧತಿ. ಶೆಡ್ಡಿನ ಗೋಡೆಯ ಮೇಲೆ ಅವರು ರುಜು ಹಾಕಿ ಅಂಟಿಸಿದ ನಕ್ಷೆ ಇರುತ್ತಿತ್ತು. ಅಳತೆ ಬದಲಾದರೆ ಅದರ ಮೇಲೆ ಗೀಚುವ ಮಾತೇ ಇಲ್ಲ. ಪುಟ್ಟ ಚೀಟಿ ಬರೆದು ಪಕ್ಕದಲ್ಲಿ ಗುಂಡುಪಿನ್ನು ಚುಚ್ಚುತ್ತಿದ್ದರು. ದೇವರ ಪಟಕ್ಕೆ ಹೂವು ಸಿಕ್ಕಿಸಿದ ಹಾಗೆ ಸುತ್ತ ಚೀಟಿಗಳು. ಒಂದು ಬೀಳುತ್ತಿತ್ತು, ಒಂದರ ಮೇಲೆ ಇನ್ನೊಂದು ಕೂರುತ್ತಿತ್ತು. ವಾಪಸು ಬಂದ ಮಾಲಿನ ಚೀಟಿ ಕೂಡ ಹೀಗೇ ಯಾವುದೋ ಚೀಟಿಯ ಕೆಳಗೆ ಕೂತಿತ್ತು.

ಪೋರ್ಟಲ್ ಬಂದ ಮೇಲೆ ಚೀಟಿ ಹೋಯಿತು ಎಂದು ನಾನು ತಿಳಿದಿದ್ದೆ. ಕೆಲವು ವಾರ ಬಿಟ್ಟು ಪಂಪಿನ ಕವರಿನ ಫೋಲ್ಡರ್ ತೆರೆದು ನೋಡುತ್ತೇನೆ: 'ಪಂಪ್ ಕವರ್.' ಕೆಳಗೆ 'ಪಂಪ್ ಕವರ್ ಹೊಸದು.' ಅದರ ಕೆಳಗೆ 'ಪಂಪ್ ಕವರ್ ಹೊಸದು ಸರಿಯಾದದ್ದು.' ಮತ್ತೆ 'ಪಂಪ್ ಕವರ್ ಅಣ್ಣ ನೋಡಬೇಕು.' ನನ್ನ ಶೆಲ್ಫಿನಲ್ಲಿ ಸಾಸಿವೆಯ ಡಬ್ಬಿಗಳು ಸಾಲಾಗಿ ಕೂತಿದ್ದವು!

ನಮ್ಮ ನಕ್ಷೆ ಬರೆಯುವ ಸವಿತಾಳನ್ನು ಕರೆದು ಕೇಳಿದೆ: "ಇದೇನೇ ಮಾರಾಯ್ತಿ? ಮೊದಲನೇದನ್ನೇ ತಿದ್ದು ಅಂತ ಹೇಳಿಕೊಟ್ಟಿದ್ನಲ್ಲ?"

"ಅದು ಪಳನಿಯಣ್ಣ ರುಜು ಹಾಕಿರೋ ಹಳೇ ನಕ್ಷೆ ಮೇಡಂ, ಹಳೇ ತೂತಿನ ಸಮೇತ ಅವರ ಹೆಸರಲ್ಲೇ ಹಾಕಿರೋದು. ಅಣ್ಣನ ಫೈಲಿಗೆ ನಾನು ಹೇಗೆ ಕೈ ಹಾಕ್ಲಿ? ಪಕ್ಕದಲ್ಲಿ ಇನ್ನೊಂದು ಇಟ್ಟಿದೀನಿ."

"ಅಣ್ಣ ಏನಾದ್ರೂ ಅಂದ್ರಾ?"

"ಏನೂ ಅನ್ನಲ್ಲ. ಅನ್ನದೇ ಇರೋರಿಗೇ ಅಲ್ವಾ ಮೇಡಂ ಹೆದರೋದು?"

ಭದ್ರಾವತಿಯವರೂ ಅದನ್ನೇ ಮಾಡಿದ್ದರು. ಗೋಡೆಯ ಚೀಟಿಗಳೆಲ್ಲ ನನ್ನ ಪೋರ್ಟಲಿಗೆ ಒಕ್ಕಲು ಬಂದಿದ್ದವು. ತಿದ್ದುವ ಅಧಿಕಾರ ಕೊಟ್ಟಿದ್ದೆ. ತಿದ್ದುವ ಧೈರ್ಯವನ್ನು ಯಾವ ಬಟನ್ ಒತ್ತಿ ಕೊಡಬೇಕೆಂದು ಕಂಪ್ಯೂಟರಿನವರು ಹೇಳಿಕೊಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಹತ್ತಿರವಾಗಿತ್ತು. ಈಗ ಬಂದರೆ ಶಿವಮೊಗ್ಗ ಒಂದು ನಕ್ಷೆ ತೋರಿಸುತ್ತದೆ, ಭದ್ರಾವತಿ ಇನ್ನೊಂದು.

ಮರುದಿನವೇ ಬಸ್ಸು ಹತ್ತಿದೆ. ಪಳನಿಯಣ್ಣ ಶೆಡ್ಡಿನ ಬಾಗಿಲಲ್ಲಿ ಟೀ ಕುಡಿಯುತ್ತಿದ್ದರು. ಅವರಿಗೆ ವಿಷಯ ಹೇಳಿದೆ.

"ನಾನು ಯಾವತ್ತಮ್ಮಾ ಮುಟ್ಟಬೇಡಿ ಅಂದೆ?" ಎಂದರು.

"ಅಂದಿಲ್ಲಣ್ಣ. ಮುಟ್ಟಿ ಅಂತಾನೂ ಅಂದಿಲ್ಲ."

ಅವರು ಲೋಟ ಕೆಳಗಿಟ್ಟರು. ಆಮೇಲೆ ಬೇರೆ ಯಾರಿಗೂ ಕೇಳದಂತೆ ಕೇಳಿದರು: "ಅದರ ಮೇಲೇ ತಿದ್ದಿದ್ರೆ ನಾನು ಮಾಡಿದ್ದು ಅಳಿಸಿ ಹೋಗುತ್ತಲ್ಲಮ್ಮಾ?"

ನಾನು ಬೀಗದಕೈ, ಭರಣಿ, ಸಾಸಿವೆ ಎಂದು ಊರೆಲ್ಲ ಮಾತಾಡಿದ್ದೆ. ಇದೊಂದನ್ನು ಹೇಳಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ, ಪಾಠಕ್ಕೆಂದು ಅವರ ಹೆಸರಿನಲ್ಲಿ ಹಾಕಿ ನಾನು ತಿದ್ದಿದ್ದ ಮಾದರಿ ಫೈಲಿನಲ್ಲಿ ಹಿಂದಿನ ತಿದ್ದುಪಡಿಗಳ ಪಟ್ಟಿ ತೆರೆದು ತೋರಿಸಿದೆ. ಪ್ರತಿ ಸಲ ತಿದ್ದಿದಾಗಲೂ ಹಳೆಯದು ಹಾಗೆಯೇ ಕೆಳಗೆ ಉಳಿದಿತ್ತು, ತಿದ್ದಿದವರ ಹೆಸರಿನ ಸಮೇತ. ಪಳನಿಯಣ್ಣ ಒಂದೊಂದನ್ನೇ ತೆರೆಸಿ ನೋಡಿದರು. ಅತ್ಯಂತ ಕೆಳಗಿನದರಲ್ಲಿ ತಮ್ಮ ಹೆಸರು ಕಂಡಾಗ ಪರದೆಗೆ ಬೆರಳು ತಾಗಿಸಿದರು.

"ಓ, ಹಾಸಿಗೆ ಮಡಿಸಿ ಇಟ್ಟಂಗೆ. ಮೇಲೆ ಎಷ್ಟು ಇಟ್ರೂ ಕೆಳಗಿಂದು ಕೆಳಗೇ ಐತೆ."

"ಹೌದಣ್ಣ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ಸಾಸಿವೆ ಕಥೆ ಹೇಳ್ಕಂಡು ಹೋದ್ರಿ!"

ಅವರು ಶೆಡ್ಡಿನವರನ್ನೆಲ್ಲ ಕರೆದರು. ಪಂಪ್ ಕವರಿನ ಮೊದಲ ಫೈಲ್ ತೆರೆಸಿದರು. ನನ್ನ ಫೋನಿನಿಂದ ಶಿವಮೊಗ್ಗಕ್ಕೆ ಕರೆ ಮಾಡಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದರು.

"ಸವಿತಮ್ಮಾ, ನಾನು ಪಳನಿ. ನನ್ನ ಫೈಲಲ್ಲಿ ತಪ್ಪು ಐತೆ. ನೀನು ತಿದ್ದು."

"ಅಣ್ಣ... ಪಕ್ಕದಲ್ಲಿ ಇನ್ನೊಂದು..."

"ಪಕ್ಕದಲ್ಲಿ ಬೇಡ. ಅದರ ಮೇಲೇನೇ. ನಾವೆಲ್ಲ ಇಲ್ಲಿ ನೋಡ್ತಾ ನಿಂತಿದೀವಿ, ಬೇಗ ಮಾಡು. ಟೀ ಆರ್ತಾ ಐತೆ."

ಸ್ವಲ್ಪ ಹೊತ್ತಿಗೆ ಸವಿತಾಳ ಸಣ್ಣ ದನಿ: "ಆಯ್ತಣ್ಣ." ಮತ್ತೆ ತೆರೆದಾಗ ತೂತಿನ ಜಾಗ ಬದಲಾಗಿತ್ತು. ಮೇಲೆ ಅವಳ ಹೆಸರು, ಕೆಳಗೆ ಅವರ ಹೆಸರು. ಪಳನಿಯಣ್ಣ ಅಳತೆಯನ್ನು ಬೆರಳಿಟ್ಟು ಓದಿ, ಒಪ್ಪಿಗೆಯ ಬಟನ್ ಎಲ್ಲಿದೆ ಎಂದು ಕೇಳಿ, ತಾವೇ ಒತ್ತಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಚೀಟಿಗಳ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದರು. ಸಹಾಯಕ್ಕೆ ಹೋದವರನ್ನು ಕೈಸನ್ನೆಯಲ್ಲೇ ನಿಲ್ಲಿಸಿದರು. ಕೊನೆಗೆ ತಾವು ರುಜು ಹಾಕಿದ ನಕ್ಷೆಯನ್ನೂ ತೆಗೆದು ಮಡಿಸಿದರು. ಆ ಜಾಗದಲ್ಲಿ ಗೋಡೆ ಮಾತ್ರ ಬೆಳ್ಳಗಿತ್ತು.

ಅವತ್ತಿನಿಂದ ನಾನು ಯಾರಿಗೂ ಪಾಠ ಮಾಡಬೇಕಾಗಲಿಲ್ಲ. ಅಣ್ಣನ ಫೈಲಿಗೇ ಕೈ ಹಾಕಬಹುದು ಎಂದ ಮೇಲೆ ಉಳಿದವರದು ಯಾವ ಲೆಕ್ಕ? 'ಹೊಸದು', 'ಸರಿಯಾದದ್ದು' ಎಲ್ಲವನ್ನೂ ಅವರವರೇ ತೆಗೆದು ಹಾಕಿದರು.

ಇನ್‌ಸ್ಪೆಕ್ಟರ್ ಬಂದ ದಿನ ನಾನು ಭದ್ರಾವತಿಯಲ್ಲಿದ್ದೆ. ಯಾರೂ ಕೇಳದಿದ್ದರೂ ಎಲ್ಲರಿಗೂ ನೀರು ಕೊಡುತ್ತಿದ್ದೆ. ಹೆದರಿಕೆಯಾದರೆ ನಾನು ಉಪಚಾರಕ್ಕೆ ನಿಲ್ಲುವವಳು. ಅವರು ಶೆಡ್ಡಿನಲ್ಲಿ ಪಂಪ್ ಕವರಿನ ನಕ್ಷೆ ತೆಗೆಸಿದರು. ಅದೇ ಗಳಿಗೆಯಲ್ಲಿ ಶಿವಮೊಗ್ಗಕ್ಕೆ ಫೋನ್ ಮಾಡಿ, ಅಲ್ಲಿ ಕಾಣುವುದನ್ನು ತಮ್ಮ ಮೊಬೈಲಿಗೆ ಕಳಿಸಲು ಸವಿತಾಳಿಗೆ ಹೇಳಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಅಳತೆ ಅಳತೆಯಾಗಿ ನೋಡಿದರು. ಒಂದೇ.

ಆದರೂ ಬಿಡಲಿಲ್ಲ. "ಕೊನೇಗೆ ತಿದ್ದಿರೋದು ಸವಿತಾ ಅಂತಿದೆ. ಇದು ನಿಮ್ಮ ಫೈಲ್ ಅಲ್ವಾ? ಮೊದಲು ನಿಮ್ಮನ್ನ ಕೇಳಿದ್ರಾ?" ಎಂದು ಪಳನಿಯಣ್ಣನ ಮುಖ ನೋಡಿದರು.

"ಯಾಕೆ ಕೇಳ್ಬೇಕು ಸಾರ್? ತಪ್ಪು ಕಂಡೋರು ತಿದ್ತಾರೆ. ನಾನು ನೋಡಿ ಒಪ್ತೀನಿ. ಮೊದಲಿಂದ ನಮ್ಮಲ್ಲಿ ಅದೇ ಪದ್ಧತಿ."

ಮೊದಲಿಂದ! ಗೋಡೆಯ ಆ ಬಿಳಿಯ ಚೌಕ ಇನ್ನೂ ಮಾಸಿರಲಿಲ್ಲ. ಶೆಡ್ಡಿನಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ತಾತನ ಕಾಲದಿಂದ ಹಾಗೇ ಮಾಡಿಕೊಂಡು ಬಂದವರಂತೆ ನಿಂತಿದ್ದರು. ಇನ್‌ಸ್ಪೆಕ್ಟರ್ ತಲೆಯಾಡಿಸಿ ರುಜು ಹಾಕಿದರು. ಆರ್ಡರ್ ಉಳಿಯಿತು. ನನ್ನ ಜೀವನದಲ್ಲಿ ನಾನು ಕೇಳಿದ ಅತಿ ಚಂದದ ಸುಳ್ಳು ಅದು. ಈಗಂತೂ ಅದು ಸುಳ್ಳೂ ಅಲ್ಲ.

ಇಷ್ಟು ಕೇಳಿ ಆ ಮ್ಯಾನೇಜರ್ ತಮ್ಮ ಹಿರಿಯರ ಹೆಸರು ಬರೆದುಕೊಂಡರು. "ಅವರು ನಮ್ಮ ಮಾವನೇ ಮೇಡಂ" ಎಂದು ನಿಟ್ಟುಸಿರು ಬಿಟ್ಟು ಎದ್ದರು. ದೇವರು ಅವರಿಗೆ ಒಳ್ಳೆಯದು ಮಾಡಲಿ.

ಸಂಜೆ ಹೊರಡುವ ಮುಂಚೆ ಪೋರ್ಟಲ್ ಒಂದು ಸುದ್ದಿ ತಂದಿತು: ನನ್ನ ಫೈಲನ್ನು ಯಾರೋ ತಿದ್ದಿದ್ದಾರೆ. ಹೊಸಬರಿಗಾಗಿ ನಾನೇ ಕೂತು ಬರೆದ ಸೂಚನೆಗಳು ಅವು. ಅದರಲ್ಲಿ, ಅನುಮಾನವಿದ್ದರೆ ಮಧ್ಯಾಹ್ನ ಭದ್ರಾವತಿಗೆ ಫೋನ್ ಮಾಡಿ ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿ, 'ಮಧ್ಯಾಹ್ನ ಎರಕ ಹೊಯ್ಯುತ್ತೇವೆ, ಯಾರೂ ಫೋನ್ ತೆಗೆಯುವುದಿಲ್ಲ, ಬೆಳಿಗ್ಗೆ ಮಾಡಿ' ಎಂದು ಯಾರೋ ಸೇರಿಸಿದ್ದರು. ಹೆಸರು ನೋಡಿದೆ, ಈಚೆಗೆ ಅಲ್ಲಿ ಕೆಲಸಕ್ಕೆ ಸೇರಿದವಳು, ಮುಖ ಕೂಡ ನೋಡಿಲ್ಲ. ನನಗೆ ಚುರುಕ್ಕೆಂದಿತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಬಾಯಿಗೆ ಬಂದೇಬಿಟ್ಟಿತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಅವಳು ಬರೆದದ್ದೇ ಸರಿ. ಒಪ್ಪಿಗೆ ಒತ್ತಿದೆ. ಒತ್ತಿದ ಮೇಲೆ ಎಂಥ ಹಿಗ್ಗು ಎಂದರೆ, ಸ್ಟಾಪಿನವರೆಗೂ ಒಬ್ಬಳೇ ನಗುತ್ತಾ ಹೋದೆ.

ರಾತ್ರಿ ಅಕ್ಕಿ ರೊಟ್ಟಿ, ಕಡಲೆಕಾಳಿನ ಪಲ್ಯ, ಮಜ್ಜಿಗೆ. ಮನೆಯವರು ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆ ಎಂದರು. ಉಪ್ಪಿನಕಾಯಿ ಭರಣಿಯನ್ನು ಸೌಟಿನ ಸಮೇತ ಅವರ ಕಡೆಗೇ ತಳ್ಳಿದೆ. ಅವರಿಗೆ ಈ ಕಥೆಯನ್ನೆಲ್ಲ ಹೇಳುತ್ತಾ ಇದ್ದೆ. ಪಳನಿಯಣ್ಣ ಪಿನ್ನು ಕೀಳುವ ಹೊತ್ತಿಗೆ ಅವರಿಗೆ ನಿದ್ದೆ ಬಂದಿತ್ತು.