ಪಟ್ಟಿಗೆ ಸೇರದ ದನಿ

ಪರದೆಯಮ್ಮ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ತಿಳಿಯಲು ಯಾರೂ ಬಾಗಿಲು ತಟ್ಟಬೇಕಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ನಿಂತರೆ ಸಾಕು, ದನಿ ಕೇಳುತ್ತಿತ್ತು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ಅವಳ ಮತ್ತು ಅವಳ ಗಂಡನ ಕಸುಬು; ಹೆಸರು ಅಂಟಿಕೊಂಡದ್ದು ಮಾತ್ರ ಅವಳಿಗೆ. ಮನೆಮನೆಗೆ ಹೋಗಿ ಅಳತೆ ತೆಗೆಯುವುದು, ಬಟ್ಟೆ ತೋರಿಸುವುದು, ಗಿರಾಕಿಯನ್ನು ಒಪ್ಪಿಸುವುದು, ಗಂಡ ಗುರುತು ಹಾಕಿಟ್ಟ ಬಟ್ಟೆ ಕತ್ತರಿಸುವುದು ಅವಳ ಪಾಲು. ಮನೆಯ ಮುಂಗೋಣೆಯಲ್ಲಿ ಕೂತು ಹೊಲಿಯುವುದು ಅವನ ಪಾಲು. ಅವನೋ ತುಟಿ ಪಿಟಕ್ಕೆನ್ನದ ಆಸಾಮಿ. ಇಬ್ಬರಿಗೂ ಸೇರಬೇಕಾದ ಮಾತನ್ನು ದೇವರು ಒಬ್ಬಳ ಬಾಯಿಗೇ ಸುರಿದುಬಿಟ್ಟ ಅಂತ ಅಕ್ಕಪಕ್ಕದವರು ನಗುತ್ತಿದ್ದರು. ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ ಅಂತ ಅವಳೂ ನಗುತ್ತಿದ್ದಳು.

ಬಾಯಿ ಅಷ್ಟಿದ್ದರೂ ಬರೆಯುವುದೆಂದರೆ ಅವಳಿಗೆ ಆಗದು. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದವಳು ಪೆನ್ನು ಎಲ್ಲಿ ಹಿಡಿಯಬೇಕು? ಅಳತೆಯನ್ನು ತಲೆಯಲ್ಲೇ ಇಟ್ಟುಕೊಂಡು ಬಂದು ಗಂಡನಿಗೆ ಒಪ್ಪಿಸುತ್ತಿದ್ದಳು. ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಅರ್ಧ ಅಳತೆ ಅಲ್ಲೇ ಉದುರಿಹೋಗುತ್ತಿತ್ತು. ಸಿಗದೇ ಇರುತ್ತಾರೆಯೇ? ಒಬ್ಬ ಹಲ್ಲಿನ ಡಾಕ್ಟರ ಕೋಣೆಗೆ ಹೊಲಿದ ಪರದೆ ಕಿಟಕಿಯ ಅರ್ಧಕ್ಕೇ ಬಂದು ನೇತಾಡಿದ ದಿನ ಮಗಳು ತಲೆ ಚಚ್ಚಿಕೊಂಡಳು.

"ಅಮ್ಮ, ಇನ್ಮೇಲೆ ನೀನು ನೆನಪಿಟ್ಕೊಳ್ಳೋದೂ ಬೇಡ. ಸುಮ್ನೆ ಮಾತಾಡು ಸಾಕು, ಉಳಿದದ್ದು ನಾನು ನೋಡ್ಕೋತೀನಿ."

"ಮಾತಾಡೋಕೆ ನಂಗೆ ಹೇಳ್ಕೊಡ್ತೀಯೇನೇ?" ಅಂದಳು ತಾಯಿ.

ಮಗಳು ಕಂಪ್ಯೂಟರ್ ಓದಿದವಳಲ್ಲ. ಔಷಧಿ ಗೋದಾಮಿನಲ್ಲಿ ಬಿಲ್ಲು ಮಾಡುವವಳು. ಆದರೆ ಕೋಡು ಗೀಡು ಏನೂ ಬರೆಯದೆ, ಒಂದು ಆ್ಯಪಿಗೆ ಇನ್ನೊಂದನ್ನು ಗಂಟು ಹಾಕಿಕೊಡುವ ಜಾಲತಾಣವೊಂದು ಅವಳಿಗೆ ಗೊತ್ತಿತ್ತು. ಅಲ್ಲಿ ಚೌಕಗಳನ್ನು ಇಟ್ಟು ನಡುವೆ ಗೆರೆ ಎಳೆದರೆ ಆಯಿತು. ಅಮ್ಮ ಫೋನಿನ ಗುಂಡಿ ಒತ್ತಿ ಮಾತಾಡಿದರೆ ಆ ರೆಕಾರ್ಡಿಂಗು ಫೋಲ್ಡರಿಗೆ ಬೀಳುತ್ತದೆ. ಅದು ಮೊದಲನೆಯ ಚೌಕ. ಎರಡನೆಯದು ಮಾತನ್ನು ಅಕ್ಷರಕ್ಕಿಳಿಸುತ್ತದೆ. ಮೂರನೆಯದು ಆ ಅಕ್ಷರವನ್ನು ಒಯ್ದು ಅಪ್ಪನ ಫೋನಿನಲ್ಲಿರುವ ಕೆಲಸದ ಪಟ್ಟಿಗೆ ಸೇರಿಸುತ್ತದೆ. ಕೆಲವು ವಾರ ಕಳೆದ ಮೇಲೆ, ಜಾಗ ತುಂಬಿತು ಎಂದು ಫೋನು ಗೋಳಾಡತೊಡಗಿದಾಗ, ಮಗಳು ಅಲ್ಲಿಯವರೆಗಿನ ರಾಶಿಯನ್ನು ಅಳಿಸಿ, ನಾಲ್ಕನೆಯ ಚೌಕವನ್ನೂ ಇಟ್ಟಳು: ಕೆಲಸ ಪಟ್ಟಿಗೆ ಸೇರಿದ ಕೂಡಲೇ ರೆಕಾರ್ಡಿಂಗನ್ನು ಅಳಿಸಿಹಾಕು. ಬಸ್ಸಿನಲ್ಲಿ ನಿಂತುಕೊಂಡೇ ಮಾಡಿದ ಕೆಲಸ ಅದು. ಇಳಿಯುವ ಹೊತ್ತಿಗೆ ಮರೆತೇ ಹೋಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಪರದೆಯಮ್ಮನ ಮಾತು ಮಾತ್ರ ಎಲ್ಲಿಗೂ ಹೋಗದೆ ನೆಟ್ಟಗೆ ಗಂಡನ ಪಟ್ಟಿಗೆ ಬಂದು ಕೂರತೊಡಗಿತು. ಅಳತೆ ಹೇಳಿ ನಿಲ್ಲಿಸುವ ಜಾಯಮಾನವೇ ಅಲ್ಲವಲ್ಲ ಅವಳದು. "ಮಲಗೋ ಕೋಣೆ ಕಿಟಕಿ, ಐದಡಿ ಅಗಲ, ನೆರಿಗೆ ಒತ್ತಾಗಿರಲಿ" ಎಂಬುದರ ಕೆಳಗೆ "ರೀ, ಡಬ್ಬಿ ತೆಗೆದು ಊಟ ಮಾಡಿದ್ರಾ ಇಲ್ವಾ" ಎಂಬುದೂ ಒಂದು ಕೆಲಸವಾಗಿ ನಿಂತಿರುತ್ತಿತ್ತು. ಅಪ್ಪ ಊಟ ಮಾಡಿ, ಕೈ ತೊಳೆದು ಬಂದು, ಅದರ ಮುಂದೆ 'ಮುಗಿಯಿತು' ಎಂದು ಒತ್ತುತ್ತಿದ್ದ. "ಈಯಮ್ಮ ಮಹಾ ಜಿಪುಣಿ, ಲೈನಿಂಗೇ ಬೇಡವಂತೆ" ಎಂಬುದಕ್ಕೂ ಒಂದು ಮುಗಿಯಿತು. ಮಾಡಲು ಏನೂ ಇಲ್ಲದ ಕೆಲಸವನ್ನೂ ಆತ ಅರ್ಧಕ್ಕೆ ಬಿಟ್ಟವನಲ್ಲ.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಪರದೆಯಮ್ಮನ ದನಿ ಒಡೆಯಿತು. ನೆಗಡಿ ಅಂದುಕೊಂಡರು, ಧೂಳು ಅಂದುಕೊಂಡರು. ಬಾಯಿಗೆ ಸ್ವಲ್ಪ ರಜ ಕೊಡು ಅಂತ ಬೀದಿಯವರೆಲ್ಲ ಬುದ್ಧಿ ಹೇಳಿದರು. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು ಬಾಯಿಬಿಟ್ಟರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ, ಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವಳು ಬಟ್ಟೆ ಕತ್ತರಿಸುವ ಮೇಜನ್ನು ಒರೆಸುತ್ತಿದ್ದಳು. ಅಪ್ಪ ಮೆಷಿನ್ನು ಬಿಟ್ಟೆದ್ದು, ಫೋನು ಮುಂದೆ ಹಿಡಿದುಕೊಂಡು ಬಂದ.

"ಏನಾದ್ರೂ ಮಾತಾಡೇ. ಇಟ್ಕೊಳ್ಳೋಣ."

ಅವನು ತಾನಾಗಿ ಏನನ್ನಾದರೂ ಕೇಳಿದ್ದೇ ಅಪರೂಪ. ಅವಳು ಕೈಯಲ್ಲಿದ್ದ ಬಟ್ಟೆಯಿಂದಲೇ ಫೋನನ್ನು ಆಚೆ ತಳ್ಳಿದಳು.

"ಈ ಒಡಕು ಮಡಕೆ ದನಿ ಯಾಕ್ರೀ? ಚೆನ್ನಾಗಿದ್ದಾಗಿನದ್ದೇ ರಾಶಿ ಬಿದ್ದಿದೆಯಲ್ಲ. ಆ ಫೋನಿನ ಮುಂದೆ ಕಡಿಮೆ ಬಡ್ಕೊಂಡಿದ್ದೀನಾ?" ಮಗಳ ಕಡೆ ತಿರುಗಿದಳು. "ಎಲ್ಲ ಇದೆ ಅಲ್ವೇನೇ?"

"ಹೂಂ ಅಮ್ಮ, ಎಲ್ಲ ಇದೆ. ಒಂದೂ ಎಲ್ಲೂ ಹೋಗಿಲ್ಲ" ಅಂದಳು ಮಗಳು. ಸುಳ್ಳು ಹೇಳಲಿಲ್ಲ ಪಾಪ, ನಂಬಿಯೇ ಹೇಳಿದಳು. ಅಪ್ಪ ಫೋನನ್ನು ಜೇಬಿಗೆ ಇಳಿಸಿದ.

ಆಪರೇಷನ್ನು ಸುಸೂತ್ರವಾಗಿ ಆಯಿತು. ಪರದೆಯಮ್ಮ ಕತ್ತಿನಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ಕೈಗೆ ಸ್ಲೇಟು ಬಂತು. ಬರೆಯುವುದೆಂದರೆ ಆಗದವಳು ಈಗ ಬರೆದೇ ಬದುಕಬೇಕಾಯಿತು. ಮೊದಲು ಬರೆದದ್ದು ಗಂಡನಿಗೆ: "ಇನ್ನು ನಿಮ್ಮ ಸರದಿ. ಮಾತಾಡಿ." ಅವನು ನಕ್ಕ, ಮಾತಾಡಲು ಬಾಯಿ ತೆರೆದ, ಏನೂ ಹೊಳೆಯದೆ ಮೆಷಿನ್ನಿನ ಮುಂದೆ ಹೋಗಿ ಕೂತ. ಆ ಮನೆಯಲ್ಲಿ ಮೆಷಿನ್ನಿಗೆ ಅಷ್ಟು ಸದ್ದಿದೆ ಎಂಬುದು ಮಗಳಿಗೆ ಗೊತ್ತಾದದ್ದೇ ಆಗ.

ರಜೆಯ ದಿನ ಮಧ್ಯಾಹ್ನ ಸ್ಲೇಟು ಮಗಳ ಮುಂದೆ ಬಂತು: "ನನ್ನ ದನಿ ಹಾಕೇ. ಕೇಳಬೇಕು ಅನ್ನಿಸ್ತಿದೆ."

ಮಗಳು ಫೋಲ್ಡರು ತೆರೆದಳು. ರಾಶಿ ಇರಬೇಕಾದಲ್ಲಿ ನಾಲ್ಕಾರು ರೆಕಾರ್ಡಿಂಗು ಮಾತ್ರ ಇದ್ದವು. ಒಂದನ್ನು ಹಾಕಿದಳು, ಕತ್ತರಿ ಆಡುವ ಸದ್ದು. ಇನ್ನೊಂದನ್ನು ಹಾಕಿದಳು, ಬೀದಿಯ ಗದ್ದಲ. ಮಾತಿಲ್ಲ. ಆಗ ಬಸ್ಸು ನೆನಪಾಯಿತು, ನಾಲ್ಕನೆಯ ಚೌಕ ನೆನಪಾಯಿತು. ಅಕ್ಷರವಾಗಿ ಪಟ್ಟಿಗೆ ಸೇರಿದ್ದೆಲ್ಲ ಆಗಿಂದಾಗಲೇ ಅಳಿಸಿಹೋಗಿತ್ತು. ಗುಂಡಿ ತಪ್ಪಿ ಒತ್ತಿದಾಗ ಮಾತಿಲ್ಲದೆ ಬಿದ್ದದ್ದನ್ನು ಯಂತ್ರಕ್ಕೆ ಅಕ್ಷರ ಮಾಡಲಾಗಲಿಲ್ಲ, ಅದು ಕೆಲಸವಾಗಿ ಪಟ್ಟಿಗೆ ಸೇರಲಿಲ್ಲ, ಹಾಗಾಗಿ ಅಳಿಯಲೂ ಇಲ್ಲ. ಕಾಳೆಲ್ಲ ಹೋಗಿ ಹೊಟ್ಟು ಉಳಿದಿತ್ತು.

"ನೆಟ್‌ವರ್ಕ್ ಇಲ್ಲಮ್ಮ, ಆಮೇಲೆ ಹಾಕ್ತೀನಿ" ಅಂದಳು. ಈ ಸಲ ಸುಳ್ಳೇ ಹೇಳಿದಳು.

ಆಮೇಲೆ ಹುಡುಕದ ಜಾಗವಿಲ್ಲ. ಹಳೆಯ ವಿಡಿಯೋಗಳಲ್ಲಿ ಅಮ್ಮ ಇದ್ದಳು, ದನಿ ಇರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಆ ಬಾಯಿಬಡುಕಿ ಕೂದಲು ಸರಿಮಾಡಿಕೊಂಡು, ತುಟಿ ಬಿಗಿದು, ಫೋಟೋಕ್ಕೆ ನಿಂತಂತೆ ನಿಂತುಬಿಡುತ್ತಿದ್ದಳು. ಉಳಿದದ್ದು ಕೆಲಸದ ಪಟ್ಟಿಯೊಂದೇ. ಮಾತೆಲ್ಲ ಅಲ್ಲಿ ಅಕ್ಷರಕ್ಷರವೂ ಇತ್ತು. ದಿಕ್ಕು ತೋಚದೆ ಮಗಳು ಒಂದು ಸಂಜೆ ಅದನ್ನು ಫೋನಿನ ಕೈಯಲ್ಲೇ ಗಟ್ಟಿಯಾಗಿ ಓದಿಸಿದಳು. ಯಾರದ್ದೂ ಅಲ್ಲದ ಒಂದು ಹೆಣ್ಣುದನಿ, ಏರಿಳಿತವಿಲ್ಲದೆ, "ರೀ, ಡಬ್ಬಿ ತೆಗೆದು ಊಟ ಮಾಡಿದ್ರಾ ಇಲ್ವಾ" ಅಂದಿತು.

ಮೆಷಿನ್ನು ನಿಂತಿತು. "ಯಾರಮ್ಮ ಅದು?" ಅಂದ ಅಪ್ಪ.

ಪರದೆಯಮ್ಮ ಮಗಳ ಮುಖ ನೋಡಿದಳು. ಹೆತ್ತವಳಿಗೆ ಅಷ್ಟು ಸಾಕಾಯಿತು.

"ನಾನೇ ಅಳಿಸಿಬಿಟ್ಟೆ ಅಮ್ಮ" ಎಂದು ಮಗಳು ಬಿಕ್ಕಿದಳು. "ಜಾಗ ಇಲ್ಲ ಅಂತ ಅಳಿಸಿಬಿಟ್ಟೆ."

ಅವಳು ಬೈದಿದ್ದರೆ ಮಗಳು ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೂ ದನಿ ಬೇಕಲ್ಲ. ಪರದೆಯಮ್ಮ ಮಗಳ ತಲೆಯ ಮೇಲೊಮ್ಮೆ ಕೈಯಿಟ್ಟು ಒಳಕೋಣೆಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಅಪ್ಪ ಮೆಷಿನ್ನು ಬಿಟ್ಟೆದ್ದು ಮಗಳ ಪಕ್ಕಕ್ಕೆ ಬಂದ. ಆಮೇಲೆ ಕೇಳಿದ, "ಒಂದೂ ಇಲ್ವಾ?"

"ಕತ್ತರಿ ಸದ್ದು ಇದೆ ಅಪ್ಪ, ಬೀದಿ ಸದ್ದು ಇದೆ. ಅಮ್ಮ ಇಲ್ಲ."

"ಕತ್ತರಿದೇ ಹಾಕು. ಕೈಯಾದ್ರೂ ಅವಳದ್ದು ತಾನೆ?"

ಮಗಳು ಹಾಕಿದಳು. ಕತ್ತರಿ ಉದ್ದನೆಯ ಬಟ್ಟೆಯನ್ನು ಸೀಳುತ್ತ ಹೋಯಿತು, ನಿಂತಿತು, ಮತ್ತೆ ಹೊರಟಿತು. ಮಗಳು ಮೊದಲ ಸಲ ಇಷ್ಟಕ್ಕೇ ಆರಿಸಿಬಿಟ್ಟಿದ್ದಳು. ಅಪ್ಪ ಆರಿಸಲು ಬಿಡಲಿಲ್ಲ. ಅರ್ಧಕ್ಕೆ ಬಿಡುವವನಲ್ಲವಲ್ಲ. ಕಿವಿಗೆ ಹತ್ತಿರ ಹಿಡಿದು ಕೂತ. ಕತ್ತರಿಯ ಹಿಂದಿನಿಂದ, ಮೆಲ್ಲಗೆ, ಗುನುಗು ಶುರುವಾಯಿತು. ಪದವಿಲ್ಲ, ಬರೀ ರಾಗ. ನಡುವೆ ಶ್ರುತಿ ತಪ್ಪಿತು. ತಪ್ಪಿದ್ದಕ್ಕೆ ತನ್ನಷ್ಟಕ್ಕೇ ಕಿಸಕ್ಕನೆ ನಕ್ಕಳು. ಮತ್ತೆ ಗುನುಗಿದಳು.

ಒಳಕೋಣೆಯ ಬಾಗಿಲಲ್ಲಿ ಪರದೆಯಮ್ಮ ಬಂದು ನಿಂತಿದ್ದಳು.

"ಇದನ್ನ ಮಾತ್ರ ಪಟ್ಟಿಗೆ ಸೇರಿಸಬೇಡ ಕಣಮ್ಮ" ಅಂದ ಅಪ್ಪ. ಮಗಳು ಆಗಲಿ ಎಂದು ತಲೆಯಾಡಿಸಿದಳು.

ರಾಗ ಅರ್ಧದಲ್ಲೇ ಇದ್ದಾಗ ರೆಕಾರ್ಡಿಂಗು ನಿಂತುಹೋಯಿತು. ಪರದೆಯಮ್ಮನ ತುಟಿ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಉಳಿದ ರಾಗವನ್ನು ಅವಳು ಹಾಡಿದಳು. ಕತ್ತಿನ ತೆಳು ಬಟ್ಟೆ ಉಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ಏನೂ ಕೇಳಿಸುತ್ತಿರಲಿಲ್ಲ. ಅವಳು ಮುಗಿಸುವವರೆಗೂ ಅಪ್ಪ ಮಗಳಿಬ್ಬರೂ ಅಲುಗದೆ ಕೇಳುತ್ತ ಕೂತರು.