ರೋಗ ಕಂಡ ಕುರಿಗಳು

೮ ಮಾರ್ಚ್ ೧೯೯೮, ಭಾನುವಾರ. ಪತ್ರಿಕೆಗೆ ಕಳಿಸಲೆಂದು ಬೆಳಗ್ಗೆ ಆರೂವರೆಗೆ ಇದನ್ನು ಬರೆಯಲು ಕುಳಿತೆ.

ಬಿಂಡಿಗನವಿಲೆಯಲ್ಲಿ ನಮ್ಮ ಪಕ್ಕದ ಮನೆಯ ಕುರಿ ಅಜ್ಜಿ, ನೀಲಿನಾಲಿಗೆ ರೋಗ ಬಂದು ಬದುಕಿದ ಕುರಿಗಳನ್ನೇ ಹುಡುಕಿ ಕೊಳ್ಳುತ್ತಿದ್ದರು. ಸಂತೆಯಲ್ಲಿ ಕುರಿಯ ಕಾಲೆತ್ತಿ, ರೋಗ ಗೊರಸಿನ ಮೇಲೆ ಬಿಟ್ಟ ಗೆರೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

"ಒಂದು ಕಿತ ಕಂಡ ರೋಗವ ಮೈ ಮರೆಯಕಿಲ್ಲ ಕಣಪ್ಪ" ಎನ್ನುತ್ತಿದ್ದರು. ಅವರ ಹದಿನೇಳು ಕುರಿಗಳೂ ಅಂಥವೇ. ಜೀವನಕ್ಕೆ ಬೇರೆ ಆಸರೆ ಇರಲಿಲ್ಲ.

ಹೋದ ಮಳೆಗಾಲದ ಕೊನೆಗೆ ಆ ರೋಗ ಮತ್ತೆ ಬಂತು. ನುಸಿ ಕಚ್ಚಿ ಹರಡುತ್ತದೆ, ಸಂಜೆ ಕೆರೆಯ ಕಡೆ ಕುರಿ ಬಿಡಬೇಡಿ ಎಂದು ದನದ ಡಾಕ್ಟರು ಮನೆಮನೆಗೆ ಹೇಳಿದರು.

"ನನ್ನವು ಪಾಸಾಗವೆ ಸ್ವಾಮಿ. ನಿಮ್ಮಂಗೆ ಪುಸ್ತಕ ಓದಿ ಅಲ್ಲ, ಬಾಯಿ ಹುಣ್ಣು ಮಾಡ್ಕಂಡು" ಎಂದು ಅಜ್ಜಿ ನಕ್ಕು, ಕುರಿಗಳನ್ನು ಕೆರೆಗೇ ಹೊಡೆದರು.

ತಿಂಗಳೊಳಗೆ ಹದಿಮೂರು ಸತ್ತವು. ಹದಿಮೂರನೆಯದರ ಊದಿದ ಬಾಯಿಗೆ ಬೆರಳಿನಿಂದ ರಾಗಿ ಗಂಜಿ ಹಚ್ಚುತ್ತಾ ಅಜ್ಜಿ ಕೇಳಿದರು: "ಮೈ ಮರ್ತೋಯ್ತಾ ಡಾಕ್ಟ್ರೇ?"

"ಮರ್ತಿಲ್ಲ ಕಣವ್ವ. ಹಳೇ ವೈರಸ್ಸೇ ಬಂದಿದ್ರೆ ರಕ್ತದಲ್ಲಿರೋ ಕಣಗಳು ಗುರುತು ಹಿಡಿದು ಹೊಡೀತಿದ್ವು. ಇದೂ ಅದೇ ರೋಗ, ಆದ್ರೆ ವೈರಸ್ಸು ಬೇರೆ ಮುಖ ಹೊತ್ಕಂಡು ಬಂದದೆ."

ಅಷ್ಟರಲ್ಲಿ ಆ ಕುರಿಯ ಉಸಿರು ನಿಂತಿತು. ಅಜ್ಜಿ ಅದರ ಕಾಲೆತ್ತಿದರು. ಗೊರಸಿನ ಹಳೆಯ ಗೆರೆಗಿಂತ ಮೇಲೆ, ಚರ್ಮ ಸೇರುವಲ್ಲಿ, ಹೊಸದಾಗಿ ಕೆಂಪು ಊತವಿತ್ತು.

"ಪಾಪ, ಇದ್ರ ಮೈ ಕಾಯ್ತಿದ್ದಿದ್ದು ಇನ್ಯಾರ್ನೋ" ಎಂದರು.

ಉಳಿದ ನಾಲ್ಕನ್ನು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ಸಂತೆಬಾಚಹಳ್ಳಿ ಕಡೆ ಎಲ್ಲೋ ಇರುವ ಮಗಳ ಮನೆಗೆ ಹೊರಟುಹೋದರು. ಈವರೆಗೆ ಬಂದಿಲ್ಲ. ಅವರನ್ನು ಕಂಡವರು, ಅವರು ಹೇಗಿದ್ದಾರೆಂದು ನನಗೆ ಒಂದು ಸಾಲು ಬರೆಯಿರಿ. ನಾಲ್ಕೂ ಬದುಕಿವೆ, ಒಂದು ಮರಿ ಹಾಕಿದೆ ಎಂದು ಅವರಿಗೆ ತಿಳಿಸಿ.