ಸೋರೆ ಬುರುಡೆ ಬಿಚ್ಚುವ ದಿನ

೧೯೬೪ನೆಯ ಇಸವಿ ಆಗಸ್ಟ್ ೯, ಭಾನುವಾರ. ಆಧಾರ: ನಮ್ಮೂರಿನ ಜನನ-ಮರಣ ನೋಂದಣಿ ಪುಸ್ತಕದ ದೃಢೀಕೃತ ನಕಲು. ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ಹೋಲಿಸಿದ್ದೇನೆ, ಸರಿಯಿದೆ. ಅಂದು ಮಧ್ಯಾಹ್ನ, ಪಾಂಡವಪುರ ತಾಲ್ಲೂಕಿನ ನಮ್ಮ ತೋಟದ ಬಾವಿಯಲ್ಲಿ ನನ್ನ ತಮ್ಮ ಮುಳುಗಿ ಸತ್ತನು. ಅವನಿಗೆ ಆರು ವರ್ಷ, ನನಗೆ ಎಂಟು. ಕಾರಣದ ಅಂಕಣದಲ್ಲಿ ‘ಕಾಲು ಜಾರಿ’ ಎಂದಿದೆ. ನಾನು ಕಂಡದ್ದು ಬೇರೆ. ಆಗ ಹದಿನಾಲ್ಕು ವರ್ಷದವನಾಗಿದ್ದ ದೊಡ್ಡಪ್ಪನ ಮಗ ತಮ್ಮನ ಬೆನ್ನಿಗೆ ಕೈಯಿಟ್ಟು ನೂಕಿದನು.

ನಮ್ಮ ಕಡೆ ಈಜು ಕಲಿಸುವ ಪದ್ಧತಿಯೇ ಅದು. ನಾಲ್ಕು ದಿನ ಮಗುವಿನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗಿಳಿಸುತ್ತಾರೆ. ಐದನೆಯ ದಿನ ಹೇಳದೆ ಕೇಳದೆ ಬುರುಡೆ ಬಿಚ್ಚಿ ಕಟ್ಟೆಯಿಂದ ತಳ್ಳುತ್ತಾರೆ. ಎರಡು ಗುಟುಕು ನೀರು ಕುಡಿದವನು ತಾನಾಗಿ ಕೈಕಾಲು ಬಡಿಯುತ್ತಾನೆಂಬ ನಂಬಿಕೆ. ತಮ್ಮ ಬಡಿಯಲಿಲ್ಲ.

ಶಾಸನ ಸಂಶೋಧನೆಯಿಂದ ನಿವೃತ್ತನಾಗಿ ನಾನು ಊರಿಗೆ ಮರಳಿದಾಗ, ದೊಡ್ಡಪ್ಪನ ಮಗನಾದ ಆ ಅಣ್ಣಯ್ಯನೇ ಊರಿನ ಈಜಿನ ಮೇಷ್ಟ್ರಾಗಿದ್ದನು. ಪ್ರತಿ ಬೇಸಿಗೆ ಹತ್ತು ಹನ್ನೆರಡು ಮಕ್ಕಳು ಅದೇ ಬಾವಿಯಲ್ಲಿ, ಅದೇ ಬುರುಡೆ, ಅದೇ ಐದನೆಯ ದಿನ. ಆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅವನಿಂದ ಕಿತ್ತುಕೊಳ್ಳಬೇಕೆಂದು ನಿಶ್ಚಯಿಸಿದೆ. ಇದನ್ನು ಸಮಾಜಸೇವೆ ಎಂದು ಹೊಗಳಿದವರಿದ್ದಾರೆ. ಅದು ಸೇಡು.

ಪಂಪ್‌ಸೆಟ್ ಪಕ್ಕದ ಸಿಮೆಂಟು ತೊಟ್ಟಿಯನ್ನು ಉಜ್ಜಿ, ಮಕ್ಕಳ ಸೊಂಟದ ಮಟ್ಟಕ್ಕೆ ನೀರು ತುಂಬಿಸಿದೆ. ಮೊದಲು ಅಂಗಾತ ತೇಲುವುದನ್ನು ಕಲಿಸಿದೆ. ದೊಡ್ಡವರಿಲ್ಲದೆ ನಾಲೆಯ ಮೆಟ್ಟಿಲಿಗೂ ಇಳಿಯಬಾರದು, ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ ಕೂಗಿಕೊಳ್ಳಬೇಕು, ಹಗ್ಗವನ್ನೋ ಸೀರೆಯನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು ಎಂದು ದಿನವೂ ಬಾಯಿಪಾಠ ಮಾಡಿಸಿದೆ. ತಾಯಂದಿರು ಬಂದು ನೋಡಿದರು. ಎರಡನೆಯ ಬೇಸಿಗೆಗೆ ಅವನ ಬಾವಿಯ ಮಕ್ಕಳು ಅರ್ಧಕ್ಕಿಳಿದರು.

ಒಂದು ದಿನ ಅಣ್ಣಯ್ಯನೇ ಬಂದು ತೊಟ್ಟಿಯ ಬಳಿ ನಿಂತನು.

“ಏನ್ಲಾ, ಕಲ್ಲು ಓದಿ ಮುಗೀತಾ? ಈಗ ತೊಟ್ಟೀಲಿ ಕಪ್ಪೆ ಸಾಕ್ತಿದ್ದೀಯಾ?”

ಮಕ್ಕಳು ನಕ್ಕರು.

“ಕಪ್ಪೆ ಮುಳುಗಾಕಿಲ್ಲ ಕಣಣ್ಣಯ್ಯ,” ಎಂದೆ. “ನಿನ್ ಶಿಷ್ಯರ ಮಾತೇ ಬೇರೆ.”

ಅವನು ಟವೆಲ್ ಕೊಡವಿ ಹೊರಟುಹೋದನು. ಅಂದು ಊಟ ರುಚಿಸಿತು.

ಕೊನೆಗೆ ಅವನ ಬಳಿ ಉಳಿದದ್ದು ಒಂದೇ ಮಗು, ಆರು ವರ್ಷದ ಅವನ ಮೊಮ್ಮಗಳು. ಬುರುಡೆ ಬಿಚ್ಚುವ ಹಿಂದಿನ ದಿನ ಅವನ ಮನೆಗೆ ಹೋಗಿ, ಅವನೆದುರೇ, ಸೊಸೆಗೆ ನನ್ನ ತಮ್ಮನ ಸಾವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಮಗಳನ್ನು ಸೊಂಟಕ್ಕೆ ಅವುಚಿಕೊಂಡಳು.

“ಮಾವ, ನಾಳೆಯಿಂದ ಮಗು ಚಿಕ್ಕಮಾವನ ತೊಟ್ಟಿಗೇ ಓಯ್ತದೆ. ನೀವು ಮುಟ್ಬ್ಯಾಡಿ.”

ಅವನ ಮುಖ ಕಂದಿದ್ದನ್ನು ನಾನು ನೋಡಿದೆ, ಕಣ್ತುಂಬ ನೋಡಿದೆ.

“ಲೇ, ಅವತ್ತು ನಾನು ಊರಲ್ಲೇ ಇರ್ನಿಲ್ಲ ಕಣ್ಲಾ,” ಎಂದನು. “ನಾಗಮಂಗ್ಲದ ಆಸ್ಟ್ಲಲ್ಲಿದ್ದೆ.”

“ಅರವತ್ತು ವರ್ಷ ಯಾಕೆ ಬಾಯಿ ಬುಡ್ನಿಲ್ಲ?”

“ನೀನ್ಯಾವತ್ತು ಕೇಳ್ದೆ?”

“ಎಲ್ಲಿ ಬರ್ದದೆ, ತೋರ್ಸು.”

“ಓದ್ದೋನು ನೀನು. ನೀನೇ ಉಡುಕ್ಕೊ.”

ಅವನ ಸುಳ್ಳನ್ನು ದಾಖಲೆಯ ಸಮೇತ ಸೊಸೆಯ ಮುಂದೆ ಹರಡಬೇಕೆಂಬ ಹಟದಿಂದಲೇ ನಾಗಮಂಗಲಕ್ಕೆ ಹೋದೆ. ಆ ಹಾಸ್ಟೆಲು ಮುಚ್ಚಿ ಬಹುಕಾಲವಾಗಿದೆ. ಅದರ ಕಾಗದಪತ್ರಗಳು ಹಳೆಯ ವಾರ್ಡನ್ನರ ಮನೆಯ ತಗಡಿನ ಪೆಟ್ಟಿಗೆಯೊಂದರಲ್ಲಿವೆ. ಊಟದ ಹಾಜರಿ ಪುಸ್ತಕ ಸಿಕ್ಕಿತು. ಅಂಚುಗಳನ್ನು ಗೆದ್ದಲು ತಿಂದಿದ್ದರೂ ಆಗಸ್ಟ್ ಒಂಬತ್ತರ ಪುಟ ಪೂರ್ಣವಾಗಿದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತೂ ಅವನ ಸಹಿ ಇದೆ. ಹಿಂದಿನ ಮತ್ತು ಮುಂದಿನ ಪುಟಗಳ ಶಾಯಿ, ಬರಹಗಳೊಂದಿಗೆ ಹೋಲಿಸಿದೆ. ತಿದ್ದಿದ ಗುರುತಿಲ್ಲ.

ಆ ಮಧ್ಯಾಹ್ನ ಬಾವಿಯ ಕಟ್ಟೆಯ ಮೇಲೆ ನಾವು ಮೂವರಿದ್ದೆವೆಂದು ನನ್ನ ನೆನಪು. ಈ ಪುಸ್ತಕದ ಪ್ರಕಾರ ತಮ್ಮ ಮತ್ತು ನಾನು, ಇಬ್ಬರೇ.